ಹೃದಯದ ಗೆರೆಯನ್ನು ಓದುವ ದಾದಿ

ತೀವ್ರ ನಿಗಾ ಘಟಕದ ಬಾಗಿಲ ಬಳಿ ತಮ್ಮವರಿಗಾಗಿ ಕಾದು ನಿಂತ ಅನುಭವ ನಮ್ಮಲ್ಲಿ ಅನೇಕರಿಗಿದೆ. ಒಳಗೆ ಹೋಗಿ ನೋಡಿಬರಲು ಐದು ನಿಮಿಷದ ಅವಕಾಶ ದೊರೆತಾಗ ಕಣ್ಣು ಮೊದಲು ಹೋಗುವುದು ಮಲಗಿದವರ ಮುಖದ ಕಡೆಗೆ. ಅನಂತರ ತಲೆಯ ಬದಿಯಲ್ಲಿರುವ ಪರದೆಯ ಕಡೆಗೆ. ಅಲ್ಲಿ ಗೆರೆಯೊಂದು ಏರುತ್ತ ಇಳಿಯುತ್ತ ಸಾಗುತ್ತಿರುತ್ತದೆ. ಗೆರೆ ಓಡುತ್ತಿದೆಯಲ್ಲ, ಜೀವಕ್ಕೇನೂ ಭಯವಿಲ್ಲ ಎಂದಷ್ಟೇ ತಿಳಿದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಪಕ್ಕದಲ್ಲಿರುವ ದಾದಿಯಾದರೋ ಅದೇ ಗೆರೆಯನ್ನು ಕ್ಷಣಕಾಲ ದಿಟ್ಟಿಸಿ, ರೋಗಿಯ ಮಣಿಕಟ್ಟನ್ನು ಹಿಡಿದು ನೋಡಿ, ಏನನ್ನೋ ಬರೆದುಕೊಂಡು ಮುಂದಿನ ಹಾಸಿಗೆಗೆ ಸಾಗುತ್ತಾರೆ.

ಅವರು ಆ ಗೆರೆಯಲ್ಲಿ ಕಂಡದ್ದೇನು? ಅದನ್ನು ಓದಲು ಕಲಿತದ್ದು ಹೇಗೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ವೈದ್ಯರು ದಿನಕ್ಕೆ ಕೆಲವು ಬಾರಿ ಬಂದು ಹೋಗುತ್ತಾರೆ. ಹಾಸಿಗೆಯ ಬಳಿ ಹಗಲಿರುಳು ಇರುವವರು ದಾದಿಯರು. ಹೃದಯದ ಲಯ ಪೂರ್ತಿ ಕೆಟ್ಟಾಗ ನಮ್ಮ ಕೈಯಲ್ಲಿ ಉಳಿಯುವುದು ಗಂಟೆಗಳಲ್ಲ, ನಿಮಿಷಗಳು. ಆ ನಿಮಿಷಗಳಲ್ಲಿ ಹತ್ತಿರವಿದ್ದವರ ಕಣ್ಣಿಗೆ ಓದು ಬರುತ್ತದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ದೀಪ ಉಳಿಯುವುದು ನಿಂತಿರುತ್ತದೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಆ ಓದಿನ ಬಗೆಯನ್ನು ಪರಿಚಯಿಸಿಕೊಳ್ಳೋಣ.

ಪ್ರಾಕ್ಟಿಕಲ್ ನರ್ಸ್ ಎಂದರೆ ಯಾರು?

ಅಮೆರಿಕದ ಆಸ್ಪತ್ರೆಗಳಲ್ಲಿ ಶುಶ್ರೂಷಕರಲ್ಲಿ ಎರಡು ಮುಖ್ಯ ವರ್ಗಗಳಿವೆ. ಎರಡರಿಂದ ನಾಲ್ಕು ವರ್ಷ ಓದಿ ಬಂದವರು ರಿಜಿಸ್ಟರ್ಡ್ ನರ್ಸ್. ಸುಮಾರು ಒಂದು ವರ್ಷದ ತರಬೇತಿ ಪಡೆದು, ಎನ್‌ಕ್ಲೆಕ್ಸ್-ಪಿಎನ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಕ್ಯಾಲಿಫೋರ್ನಿಯ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿ ಇವರನ್ನೇ ವೊಕೇಶನಲ್ ನರ್ಸ್ ಎನ್ನುತ್ತಾರೆ. ರಕ್ತದೊತ್ತಡ ನೋಡುವುದು, ಔಷಧ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ನಡೆಯಲಾಗದವರಿಗೆ ಸ್ನಾನ ಮಾಡಿಸುವುದು, ಉಣಿಸುವುದು ಮುಂತಾದವು ಇವರ ದಿನದ ಕೆಲಸಗಳು. ವೈದ್ಯರ ಅಥವಾ ರಿಜಿಸ್ಟರ್ಡ್ ನರ್ಸ್‌ಗಳ ಮಾರ್ಗದರ್ಶನದಲ್ಲಿ ಇವರು ಕೆಲಸ ಮಾಡುತ್ತಾರೆ.

ಒಂದು ವರ್ಷದ ಪಾಠದಲ್ಲಿ ಹೃದಯದ ಲಯದ ವಿಷಯ ಸ್ವಲ್ಪ ಮಾತ್ರ ಬರುತ್ತದೆ. ಅಕ್ಷರ ಪರಿಚಯವಾಗುವುದು ಅಲ್ಲಿ. ನಿಜವಾದ ಓದು ಆರಂಭವಾಗುವುದು ಹೃದ್ರೋಗಿಗಳ ವಾರ್ಡಿಗೆ ನೇಮಕವಾದ ಮೇಲೆ, ಆಸ್ಪತ್ರೆಯವರೇ ನಡೆಸುವ ಪ್ರತ್ಯೇಕ ತರಬೇತಿಯಲ್ಲಿ. ಇವರ ಅಧಿಕಾರದ ಮಿತಿಯನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ. ಚಿಕಿತ್ಸೆ ಏನೆಂದು ತೀರ್ಮಾನಿಸುವುದು ಸಾಮಾನ್ಯವಾಗಿ ಇವರ ಕೆಲಸವಲ್ಲ. ಬದಲಾವಣೆಯನ್ನು ಗುರುತಿಸುವುದು, ರೋಗಿಯನ್ನು ನೋಡುವುದು, ತಡಮಾಡದೆ ತಿಳಿಸಬೇಕಾದವರಿಗೆ ತಿಳಿಸುವುದು ಇವರ ಹೊಣೆ. ಹೃದಯದ ಗೆರೆಯನ್ನು ಓದುವುದು ದೊಡ್ಡ ಪದವಿ ಪಡೆದವರಿಗಷ್ಟೇ ಸಾಧ್ಯವೆಂಬ ಭಾವನೆ ನಮ್ಮಲ್ಲಿದೆ. ಒಂದು ವರ್ಷ ಓದಿದ ಸಾಮಾನ್ಯ ದಾದಿಯೂ ಕ್ರಮಬದ್ಧ ಅಭ್ಯಾಸದಿಂದ ಇದನ್ನು ಕಲಿಯುತ್ತಾರೆಂಬುದನ್ನು ನಾವು ತಿಳಿದಿರಬೇಕು.

ಗೆರೆ ದಾದಿಯ ಕೈಗೆ ಬಂದ ಬಗೆ

ಹೃದಯದ ವಿದ್ಯುತ್ತನ್ನು ಸ್ಪಷ್ಟವಾಗಿ ಗೆರೆಯಾಗಿ ಮೂಡಿಸುವ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವರು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್. ಆ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು; ನಡೆಸಲು ಐದು ಮಂದಿ ಬೇಕಾಗುತ್ತಿತ್ತು. ರೋಗಿಯು ಉಪ್ಪುನೀರು ತುಂಬಿದ ಪಾತ್ರೆಗಳಲ್ಲಿ ಕೈಕಾಲು ಅದ್ದಿಕೊಂಡು ಕುಳಿತಿರಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲದ್ದರಿಂದ ಅವರು ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ಹೃದಯದ ಸಂಕೇತವನ್ನು ತರಿಸಿಕೊಂಡರು. ಇಂದಿಗೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲಿ ಬಳಸುವ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಲೆಗಳ ಹೆಸರುಗಳನ್ನು ಕೊಟ್ಟವರೂ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಮುಂದಿನ ಹಲವು ದಶಕಗಳ ಕಾಲ ಇಸಿಜಿ ಓದುವುದು ವೈದ್ಯರ ವಿದ್ಯೆಯಾಗಿಯೇ ಉಳಿಯಿತು. ಹೃದಯಾಘಾತವಾದವರನ್ನು ಸಾಮಾನ್ಯ ವಾರ್ಡಿನಲ್ಲಿ ಮಲಗಿಸಿ ವಿಶ್ರಾಂತಿ ಕೊಡುತ್ತಿದ್ದರು. ರಾತ್ರಿಯ ಹೊತ್ತಿನಲ್ಲಿ ಲಯ ಕೆಟ್ಟು ಹೃದಯ ಸ್ತಬ್ಧವಾದರೆ, ಯಾರಾದರೂ ಗಮನಿಸಿ ವೈದ್ಯರನ್ನು ಕರೆತರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿತ್ತು. 1956ರಲ್ಲಿ ಅಮೆರಿಕದ ಪಾಲ್ ಜೋಲ್ ಎದೆಯ ಮೇಲಿನಿಂದಲೇ ವಿದ್ಯುತ್ ಆಘಾತ ಕೊಟ್ಟು, ಕಂಪಿಸುತ್ತಿರುವ ಹೃದಯವನ್ನು ಲಯಕ್ಕೆ ತರಬಹುದೆಂದು ತೋರಿಸಿದರು. 1960ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ತಜ್ಞರು ಎದೆಯನ್ನು ಒತ್ತಿ ರಕ್ತಸಂಚಾರ ಉಳಿಸುವ ವಿಧಾನವನ್ನು ಪ್ರಕಟಿಸಿದರು. ಉಪಾಯಗಳು ಸಿದ್ಧವಾಗಿದ್ದವು; ಆದರೆ ಅವುಗಳನ್ನು ಬಳಸಬಲ್ಲವರು ಸಕಾಲದಲ್ಲಿ ಹಾಸಿಗೆಯ ಬಳಿ ಇರುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು 1960ರ ದಶಕದ ಆರಂಭದಲ್ಲಿ ಹೃದಯಾಘಾತದ ರೋಗಿಗಳಿಗೆಂದೇ ಪ್ರತ್ಯೇಕ ನಿಗಾ ಘಟಕಗಳು ಹುಟ್ಟಿದವು. ಅಂಥ ಘಟಕವೊಂದನ್ನು ಫಿಲಡೆಲ್ಫಿಯ ನಗರದ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಕಟ್ಟಿದವರಲ್ಲಿ ವೈದ್ಯರಾದ ಲಾರೆನ್ಸ್ ಮೆಲ್ಟ್ಸರ್ ಮತ್ತು ಶುಶ್ರೂಷಕಿಯಾದ ರೋಸ್ ಪಿನಿಯೋ ಪ್ರಮುಖರು. ಅವರ ಯೋಚನೆ ಸರಳವಾಗಿತ್ತು. ವೈದ್ಯರು ಬರುವವರೆಗೆ ಕಾಯಲಾಗದಿದ್ದರೆ, ಸದಾ ಹಾಸಿಗೆಯ ಬಳಿಯಿರುವ ಶುಶ್ರೂಷಕಿಗೇ ಗೆರೆಯನ್ನು ಓದಲು, ಅಗತ್ಯ ಬಿದ್ದರೆ ವಿದ್ಯುತ್ ಆಘಾತ ಕೊಡಲು ಕಲಿಸಬೇಕು. ಅಂದಿಗೆ ಇದು ದೊಡ್ಡ ಮಾತು. ವೈದ್ಯರ ಕೆಲಸವನ್ನು ದಾದಿಯರಿಗೆ ಒಪ್ಪಿಸುವುದೇ ಎಂದು ಆಕ್ಷೇಪಿಸುವ ಕಾಲವದು. ಆದರೂ ಅವರು ಹಿಂಜರಿಯಲಿಲ್ಲ. 1965ರಲ್ಲಿ ಮೆಲ್ಟ್ಸರ್, ಪಿನಿಯೋ ಮತ್ತು ಕಿಚೆಲ್ ಸೇರಿ ಶುಶ್ರೂಷಕರಿಗೆಂದೇ ಹೃದಯ ನಿಗಾದ ಕೈಪಿಡಿಯೊಂದನ್ನು ಪ್ರಕಟಿಸಿದರು. ಇಂದು ಯಾವ ದೇಶದ ನಿಗಾ ಘಟಕದಲ್ಲಿಯೂ ದಾದಿಯರು ಪರದೆಯನ್ನು ನೋಡಿ ಧಾವಿಸುವುದನ್ನು ಕಂಡರೆ, ಅದರ ಹಿಂದೆ ಅಂದಿನ ಈ ಧೈರ್ಯವಿದೆ.

ಹೃದಯದೊಳಗಿನ ಹಾದಿ

ಗೆರೆಯನ್ನು ಓದುವ ಮೊದಲು ದಾದಿಯರು ಅದು ಎಲ್ಲಿಂದ ಹುಟ್ಟುತ್ತದೆಂಬುದನ್ನು ಕಲಿಯುತ್ತಾರೆ. ಹೃದಯದಲ್ಲಿ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗ್ರಂಥಿಯೆಂಬ ಪುಟ್ಟ ಕೇಂದ್ರವಿದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಅಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದು ಎರಡೂ ಹೃತ್ಕರ್ಣಗಳಲ್ಲಿ ಹರಡಿದಾಗ ಗೆರೆಯ ಮೇಲೆ ಸಣ್ಣ ಗುಡ್ಡದಂತೆ ಪಿ ಅಲೆ ಮೂಡುತ್ತದೆ. ಸಂಕೇತ ಅಲ್ಲಿಂದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ಗ್ರಂಥಿಗೆ ಬಂದು, ಅರೆಗಳಿಗೆ ತಡೆದು ನಿಲ್ಲುತ್ತದೆ. ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಲು ಈ ತಡೆ ಬೇಕು. ಅನಂತರ ಸಂಕೇತ ಹೃತ್ಕುಕ್ಷಿಗಳಿಗೆ ವೇಗವಾಗಿ ಹರಿದಾಗ ಎತ್ತರದ ಚೂಪಾದ ಕ್ಯೂಆರ್‌ಎಸ್ ಅಲೆ ಏಳುತ್ತದೆ. ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗುವಾಗ ಕಾಣುವ ದುಂಡನೆಯ ಅಲೆಯೇ ಟಿ.

ಮೇಲಿನ ಕೇಂದ್ರ ಸೋತರೆ ಕೆಳಗಿನವು ಹೊಣೆ ಹೊರುತ್ತವೆ. ಎವಿ ಗ್ರಂಥಿಯ ಭಾಗದಿಂದ ನಿಮಿಷಕ್ಕೆ 40ರಿಂದ 60, ಹೃತ್ಕುಕ್ಷಿಗಳಿಂದಲೇ ಆದರೆ 20ರಿಂದ 40 ಬಡಿತಗಳು ಮಾತ್ರ ಹುಟ್ಟುತ್ತವೆ. ಬಡಿತದ ವೇಗ ಮತ್ತು ಅಲೆಯ ಆಕಾರವನ್ನು ನೋಡಿಯೇ ಸಂಕೇತ ಯಾವ ಕೇಂದ್ರದಿಂದ ಬರುತ್ತಿರಬಹುದೆಂದು ಬಲ್ಲವರು ಊಹಿಸುತ್ತಾರೆ.

ಚೌಕಗಳ ಲೆಕ್ಕ

ಇಸಿಜಿ ಕಾಗದದ ತುಂಬ ಸಣ್ಣ ಸಣ್ಣ ಚೌಕಗಳಿರುವುದನ್ನು ನೋಡಿದ್ದೇವೆ. ಅವು ಅಂದಕ್ಕೆ ಹಾಕಿದವಲ್ಲ. ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತದೆ. ಒಂದು ಸಣ್ಣ ಚೌಕದ ಅಗಲ 1 ಮಿಲಿಮೀಟರ್, ಅಂದರೆ 0.04 ಸೆಕೆಂಡು. ಐದು ಸಣ್ಣ ಚೌಕಗಳು ಸೇರಿ ಒಂದು ದೊಡ್ಡ ಚೌಕ, ಅಂದರೆ 0.20 ಸೆಕೆಂಡು. ಐದು ದೊಡ್ಡ ಚೌಕಗಳೆಂದರೆ ಒಂದು ಸೆಕೆಂಡು. ಮೂವತ್ತು ದೊಡ್ಡ ಚೌಕಗಳೆಂದರೆ ಆರು ಸೆಕೆಂಡು. ಮಗ್ಗಿ ಬಲ್ಲವರಿಗೆ ಈ ಲೆಕ್ಕ ಕಷ್ಟವಲ್ಲ.

ಈ ಚೌಕಗಳನ್ನು ಇಟ್ಟುಕೊಂಡು ದಾದಿಯರು ಪ್ರತಿ ಪಟ್ಟಿಗೂ ಐದು ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳುತ್ತಾರೆ.

ಮೊದಲನೆಯದು, ಲಯ ಸಮವಾಗಿದೆಯೇ? ಒಂದು ಚೀಟಿಯ ಅಂಚನ್ನು ಗೆರೆಯ ಕೆಳಗಿಟ್ಟು, ಪಕ್ಕಪಕ್ಕದ ಎರಡು ಆರ್ ತುದಿಗಳಿಗೆ ಸರಿಯಾಗಿ ಎರಡು ಗುರುತು ಹಾಕುತ್ತಾರೆ. ಚೀಟಿಯನ್ನು ಮುಂದಿನ ಬಡಿತಗಳಿಗೆ ಸರಿಸುತ್ತಾರೆ. ಗುರುತುಗಳು ಎಲ್ಲೆಡೆ ಹೊಂದಿಕೊಂಡರೆ ಲಯ ಸಮ. ಭಜನೆಯಲ್ಲಿ ತಾಳ ತಪ್ಪಿದ್ದು ಕಿವಿಗೆ ತಿಳಿಯುವಂತೆ, ಇಲ್ಲಿ ಕಣ್ಣಿಗೆ ತಿಳಿಯುತ್ತದೆ.

ಎರಡನೆಯದು, ವೇಗವೆಷ್ಟು? ಮೂವತ್ತು ದೊಡ್ಡ ಚೌಕಗಳೊಳಗಿನ ಆರ್ ಅಲೆಗಳನ್ನು ಎಣಿಸಿ ಹತ್ತರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಏಳು ಅಲೆಗಳಿದ್ದರೆ ನಿಮಿಷಕ್ಕೆ ಸುಮಾರು 70. ಲಯ ಸಮವಾಗಿದ್ದರೆ ಇನ್ನೊಂದು ದಾರಿಯೂ ಉಂಟು: ಎರಡು ಆರ್ ಅಲೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅಷ್ಟರಿಂದ 300ನ್ನು ಭಾಗಿಸುವುದು. ನಾಲ್ಕು ಚೌಕಗಳಿದ್ದರೆ 75.

ಮೂರನೆಯದು, ಪ್ರತಿ ಕ್ಯೂಆರ್‌ಎಸ್‌ನ ಮುಂದೆ ಪಿ ಅಲೆ ಇದೆಯೇ? ಎಲ್ಲ ಪಿ ಅಲೆಗಳೂ ಒಂದೇ ಆಕಾರದಲ್ಲಿವೆಯೇ?

ನಾಲ್ಕನೆಯದು, ಪಿ ಅಲೆಯ ಆರಂಭದಿಂದ ಕ್ಯೂಆರ್‌ಎಸ್‌ನ ಆರಂಭದವರೆಗೆ ಎಷ್ಟು ಹೊತ್ತು? 0.12ರಿಂದ 0.20 ಸೆಕೆಂಡು, ಅಂದರೆ ಮೂರರಿಂದ ಐದು ಸಣ್ಣ ಚೌಕಗಳು ಸಹಜ. ಅದಕ್ಕಿಂತ ಹೆಚ್ಚಾದರೆ ನಡುವಿನ ಹಾದಿಯಲ್ಲಿ ಸಂಕೇತ ನಿಧಾನವಾಗುತ್ತಿದೆ.

ಐದನೆಯದು, ಕ್ಯೂಆರ್‌ಎಸ್ ಅಲೆಯ ಅಗಲವೆಷ್ಟು? ಮೂರು ಸಣ್ಣ ಚೌಕಗಳಿಗಿಂತ ಕಿರಿದಾಗಿದ್ದರೆ ಸಂಕೇತ ಸರಿಯಾದ ಹಾದಿಯಲ್ಲಿ ಕೆಳಗಿಳಿದಿದೆ. ಅಗಲವಾಗಿದ್ದರೆ ಅದು ಹೃತ್ಕುಕ್ಷಿಯಲ್ಲಿಯೇ ಹುಟ್ಟಿರಬಹುದು ಅಥವಾ ಹಾದಿ ತಪ್ಪಿ ಬಂದಿರಬಹುದು.

ಈ ಐದಕ್ಕೂ ಉತ್ತರ ದೊರೆತ ಮೇಲೆಯೇ ಲಯಕ್ಕೆ ಹೆಸರು ಕೊಡಬೇಕು. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ನೋಡಿದೊಡನೆ ಹೆಸರು ಹೇಳಿಬಿಡುವುದು. ಹೆಸರನ್ನು ಮೊದಲೇ ನಿಶ್ಚಯಿಸಿಕೊಂಡ ಕಣ್ಣು ಅದಕ್ಕೆ ಒಪ್ಪುವುದನ್ನಷ್ಟೇ ಕಾಣುತ್ತದೆ, ಒಪ್ಪದಿರುವುದನ್ನು ಬಿಟ್ಟುಬಿಡುತ್ತದೆ. ಇದಕ್ಕಾಗಿಯೇ ಕಲಿಸುವವರು ಹತ್ತಾರು ಪಟ್ಟಿಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಐದೂ ಉತ್ತರಗಳನ್ನು ಬರೆಸುತ್ತಾರೆ. ಸುಲಭವಾಗಿ ಕಾಣುವ ಪಟ್ಟಿಗೂ ಇದೇ ನಿಯಮ. ಸುಲಭದ್ದರಲ್ಲಿ ಕ್ರಮ ಬಿಟ್ಟವರು ಅವಸರದ ಹೊತ್ತಿನಲ್ಲಿ ಕ್ರಮ ಹಿಡಿಯಲಾರರು.

ಲಯಗಳ ಪರಿಚಯ

ಐದೂ ಉತ್ತರಗಳು ಸಹಜವಾಗಿದ್ದರೆ ಅದು ಸೈನಸ್ ಲಯ. ಉಳಿದೆಲ್ಲ ಸರಿಯಿದ್ದು ವೇಗ 60ಕ್ಕಿಂತ ಕಡಿಮೆಯಾದರೆ ನಿಧಾನ ಲಯ, 100ಕ್ಕಿಂತ ಹೆಚ್ಚಾದರೆ ವೇಗದ ಲಯ. ಇವು ತಾವಾಗಿಯೇ ರೋಗಗಳಲ್ಲ. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ನಿಧಾನ ಲಯ ಸಹಜ. ಜ್ವರ, ನೋವು, ಭಯ, ರಕ್ತಸ್ರಾವಗಳಲ್ಲಿ ವೇಗ ಹೆಚ್ಚುತ್ತದೆ.

ಪಿ ಅಲೆಗಳೇ ಕಾಣದೆ, ಬಡಿತಗಳ ನಡುವಿನ ಅಂತರವೂ ಯಾವ ನಿಯಮಕ್ಕೂ ಸಿಗದಿದ್ದರೆ ಅದು ಹೃತ್ಕರ್ಣದ ಕಂಪನ. ವಯಸ್ಸಾದವರಲ್ಲಿ ಇದು ಹೆಚ್ಚು. ಕಂಪಿಸುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯುವಾಗುವ ಅಪಾಯವಿದೆ. ಆದುದರಿಂದ ಹಿಂದೆ ಇಲ್ಲದಿದ್ದ ಈ ಲಯ ಹೊಸದಾಗಿ ಕಂಡರೆ ದಾದಿ ಸುಮ್ಮನಿರುವಂತಿಲ್ಲ. ಗರಗಸದ ಹಲ್ಲಿನಂತೆ ಅಲೆಗಳು ಸಾಲಾಗಿ ಕಂಡರೆ ಅದು ಹೃತ್ಕರ್ಣದ ಫ್ಲಟರ್.

ಪಿ ಅಲೆಗಳಿದ್ದು ಕೆಲವಕ್ಕೆ ಕ್ಯೂಆರ್‌ಎಸ್ ಜೊತೆಗೂಡದಿದ್ದರೆ, ಅಥವಾ ಎರಡೂ ತಮ್ಮ ಪಾಡಿಗೆ ತಾವು ಸಂಬಂಧವಿಲ್ಲದೆ ಸಾಗುತ್ತಿದ್ದರೆ, ನಡುವಿನ ಹಾದಿಗೆ ತಡೆಯುಂಟಾಗಿದೆ. ಪೂರ್ಣ ತಡೆಯಾದವರಿಗೆ ತಲೆ ಸುತ್ತು, ಹಠಾತ್ತನೆ ಪ್ರಜ್ಞೆ ತಪ್ಪುವುದು ಆಗಬಹುದು. ಅನೇಕರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

ನಡುವೆ ಒಂದು ಅಗಲವಾದ ಬಡಿತ ಅವಧಿಗೆ ಮುಂಚೆಯೇ ಬಂದರೆ ಅದು ಹೃತ್ಕುಕ್ಷಿಯ ಅಕಾಲ ಬಡಿತ. ಆರೋಗ್ಯವಂತರಲ್ಲಿಯೂ ಅಪರೂಪಕ್ಕೆ ಬರುತ್ತದೆ. ಆದರೆ ಮೂರು ಅಥವಾ ಹೆಚ್ಚು ಒಂದರ ಹಿಂದೊಂದು ವೇಗವಾಗಿ ಬಂದರೆ ಅದನ್ನು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯ ಎಂದು ಕರೆಯುತ್ತಾರೆ. ಅದು ಗಂಡಾಂತರದ ಮುನ್ಸೂಚನೆ. ಯಾವ ಆಕಾರವೂ ಇಲ್ಲದೆ ಗೆರೆ ಅಡ್ಡಾದಿಡ್ಡಿಯಾಗಿ ನಡುಗುತ್ತಿದ್ದರೆ ಅದು ಹೃತ್ಕುಕ್ಷಿಯ ಕಂಪನ: ಹೃದಯ ನಡುಗುತ್ತಿದೆಯೇ ಹೊರತು ರಕ್ತವನ್ನು ತಳ್ಳುತ್ತಿಲ್ಲ. ಆಗ ಎದೆ ಒತ್ತುವುದೂ ವಿದ್ಯುತ್ ಆಘಾತವೂ ಒಡನೆಯೇ ಬೇಕು. ಇವೆರಡೂ ಇಲ್ಲದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಕುಸಿಯುತ್ತ ಹೋಗುತ್ತದೆ.

ಗೆರೆ ಪೂರ್ತಿ ಚಪ್ಪಟೆಯಾದರೆ ಹೃದಯದ ವಿದ್ಯುತ್ತೇ ನಿಂತಿದೆ. ಚಲನಚಿತ್ರಗಳಲ್ಲಿ ಇಂಥ ಗೆರೆಗೆ ವಿದ್ಯುತ್ ಆಘಾತ ಕೊಡುವುದನ್ನು ತೋರಿಸುತ್ತಾರೆ. ಅದು ತಪ್ಪು. ಆಘಾತವು ಕಂಪನವನ್ನು ನಿಲ್ಲಿಸಬಲ್ಲದು. ನಿಂತುಹೋದ ವಿದ್ಯುತ್ತನ್ನು ಹುಟ್ಟಿಸಲಾರದು. ಅಲ್ಲಿ ಎದೆ ಒತ್ತುವುದೂ ಔಷಧವೂ ಕಾರಣವನ್ನು ಹುಡುಕುವುದೂ ದಾರಿ.

ಗೆರೆ ಸುಳ್ಳು ಹೇಳಿದಾಗ

ಪಾಠದ ಅತ್ಯಂತ ಮುಖ್ಯ ಭಾಗ ಇದು. ರೋಗಿ ಹಾಸಿಗೆಯಲ್ಲಿ ಕುಳಿತು ಹಲ್ಲುಜ್ಜುತ್ತಿದ್ದರೆ ಕೈಯ ಅಲುಗಾಟದಿಂದ ಪರದೆಯ ಮೇಲೆ ಪ್ರಾಣಾಂತಕ ಲಯದಂಥದೇ ಚಿತ್ರ ಮೂಡಬಹುದು. ಚಳಿಯಿಂದ ನಡುಗುವವರಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರಲ್ಲಿಯೂ ಹೀಗೆಯೇ. ಎದೆಗಂಟಿಸಿದ ಬಿಲ್ಲೆಯೊಂದು ಕಳಚಿದರೆ ಗೆರೆ ಚಪ್ಪಟೆಯಾಗಿಬಿಡುತ್ತದೆ. ರೋಗಿ ಮಾತ್ರ ಆರಾಮವಾಗಿ ಪತ್ರಿಕೆ ಓದುತ್ತಿರುತ್ತಾರೆ.

ಇದಕ್ಕೆ ವಿರುದ್ಧವಾದದ್ದೂ ಉಂಟು. ಅದು ಹೆಚ್ಚು ಅಪಾಯಕರ. ಪರದೆಯ ಮೇಲೆ ಗೆರೆ ಒಪ್ಪವಾಗಿ ಸಾಗುತ್ತಿದ್ದರೂ ರೋಗಿಯ ನಾಡಿ ಸಿಗದಿರಬಹುದು. ವಿದ್ಯುತ್ ಹರಿಯುತ್ತಿದೆ, ಆದರೆ ಸ್ನಾಯು ರಕ್ತವನ್ನು ತಳ್ಳುತ್ತಿಲ್ಲ. ಗೆರೆಯನ್ನಷ್ಟೇ ನಂಬಿದವರು ಎಲ್ಲವೂ ಸರಿಯಿದೆಯೆಂದು ಕುಳಿತರೆ ಎದುರಿಗೇ ಪ್ರಾಣ ಹೋಗುತ್ತದೆ.

ಆದುದರಿಂದ ಗೆರೆಯ ಪಾಠ ಯಾವಾಗಲೂ ಗೆರೆಯ ಹೊರಗೆ ಮುಗಿಯುತ್ತದೆ. ಪರದೆಯಲ್ಲಿ ಏನೇ ಕಾಣಲಿ, ಮೊದಲು ರೋಗಿಯ ಬಳಿಗೆ ಹೋಗಬೇಕು. ಮಾತನಾಡಿಸಬೇಕು, ನಾಡಿ ಹಿಡಿಯಬೇಕು, ಉಸಿರನ್ನೂ ಮೈಬಣ್ಣವನ್ನೂ ನೋಡಬೇಕು, ರಕ್ತದೊತ್ತಡ ಅಳೆಯಬೇಕು. ಆರೈಕೆ ಮಾಡಬೇಕಾದದ್ದು ಮನುಷ್ಯನಿಗೆ, ಯಂತ್ರಕ್ಕಲ್ಲ ಎಂಬ ಮಾತನ್ನು ಪ್ರತಿ ತರಗತಿಯಲ್ಲಿಯೂ ಹೇಳಿಕೊಡುತ್ತಾರೆ. ಲೇಖನದ ಆರಂಭದಲ್ಲಿ ದಾದಿ ಪರದೆಯನ್ನು ನೋಡಿದ ಮೇಲೆ ಮಣಿಕಟ್ಟನ್ನು ಹಿಡಿದರಲ್ಲ, ಅದರ ಅರ್ಥ ಇದೇ.

ಯಂತ್ರದ ಸದ್ದಿನಿಂದಲೂ ಒಂದು ಕಷ್ಟವಿದೆ. ನಿಗಾ ಘಟಕದ ಅಲಾರಂಗಳಲ್ಲಿ ಬಹುಪಾಲು ನಿಜವಾದ ಅಪಾಯದ ಸೂಚನೆಗಳಲ್ಲ. ದಿನವಿಡೀ ಅದನ್ನು ಕೇಳಿ ಕೇಳಿ ಕಿವಿ ಜಡವಾಗುತ್ತದೆ. ನಿಜವಾದ ಕರೆ ಬಂದಾಗಲೂ ಕಾಲು ಏಳುವುದಿಲ್ಲ. ಈ ದಣಿವಿನಿಂದ ಅನಾಹುತಗಳಾದದ್ದರಿಂದ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2014ರಿಂದ ಅಲಾರಂಗಳ ನಿರ್ವಹಣೆಯನ್ನು ರೋಗಿಗಳ ಸುರಕ್ಷತೆಯ ಗುರಿಗಳಲ್ಲಿ ಒಂದನ್ನಾಗಿಸಿತು. ಬಿಲ್ಲೆಗಳನ್ನು ಕಾಲಕಾಲಕ್ಕೆ ಬದಲಿಸುವುದು, ಚರ್ಮವನ್ನು ಶುಚಿಮಾಡಿ ಅಂಟಿಸುವುದು, ಅಲಾರಂನ ಮಿತಿಗಳನ್ನು ಆಯಾ ರೋಗಿಗೆ ತಕ್ಕಂತೆ ಇಡುವುದು ಇವೇ ಪರಿಹಾರಗಳು.

ಕನ್ನಡ ನಾಡಿನ ದಾದಿಯರಿಗೂ ಇದೇ ವಿದ್ಯೆ

ನಮ್ಮಲ್ಲಿ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರು ಈ ಕೆಲಸ ಮಾಡುತ್ತಾರೆ. ಚೌಕದ ಲೆಕ್ಕ, ಐದು ಪ್ರಶ್ನೆಗಳು, ನಾಡಿ ನೋಡುವ ನಿಯಮ ಎಲ್ಲವೂ ಅವೇ. ಆದರೆ ಇಲ್ಲಿಂದ ಅಮೆರಿಕಕ್ಕೆ ಹೋಗುವ ದಾದಿಯರು ಒಂದು ವ್ಯತ್ಯಾಸವನ್ನು ಅವಶ್ಯವಾಗಿ ತಿಳಿದಿರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಬಲಗೈಯ ತಂತಿ ಕೆಂಪು, ಎಡಗೈಯದು ಹಳದಿ, ಎಡಗಾಲಿನದು ಹಸಿರು, ಬಲಗಾಲಿನದು ಕಪ್ಪು. ಅಮೆರಿಕದಲ್ಲಿ ಬಲಗೈಯದು ಬಿಳಿ, ಎಡಗೈಯದು ಕಪ್ಪು, ಎಡಗಾಲಿನದು ಕೆಂಪು, ಬಲಗಾಲಿನದು ಹಸಿರು. ಇಲ್ಲಿ ಕೈಗೆ ಬಂದ ಅಭ್ಯಾಸವನ್ನು ಅಲ್ಲಿ ಹಾಗೆಯೇ ಮುಂದುವರಿಸಿದರೆ ತಂತಿಗಳು ಅದಲುಬದಲಾಗಿ, ಇಲ್ಲದ ರೋಗ ಕಾಗದದ ಮೇಲೆ ಕಾಣಿಸೀತು.

ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಕೊಡುತ್ತಾರೆ. ಐಂಥೋವನ್ ಒಂದೂವರೆ ಕಿಲೋಮೀಟರು ದೂರದಿಂದ ತರಿಸಿಕೊಂಡ ಗೆರೆ ಇಂದು ನೂರಾರು ಕಿಲೋಮೀಟರು ದಾಟಿ ಬರುತ್ತದೆ. ಆದರೆ ಬಿಲ್ಲೆಗಳನ್ನು ಸರಿಯಾದ ಸ್ಥಳದಲ್ಲಿ ಅಂಟಿಸುವ ಕೈ ಹಳ್ಳಿಯ ಸಮೀಪದ ದಾದಿಯದೇ. ಆ ಕೈ ತಪ್ಪಿದರೆ ದೂರದ ತಜ್ಞರ ಕಣ್ಣೂ ತಪ್ಪುತ್ತದೆ.

ಭಕ್ತಾದಿಗಳು ಗಮನಿಸಬೇಕಾದದ್ದು

ಈ ಕಾಯಕದಲ್ಲಿ ನಮ್ಮ ಪಾಲೂ ಇದೆ. ಎದೆನೋವು, ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದಾದರೂ ಕಂಡರೆ ವಾಯುವಿನ ತೊಂದರೆಯೆಂದು ಕಷಾಯ ಕುಡಿದು ಮಲಗದೆ ಒಡನೆಯೇ 108ಕ್ಕೆ ಕರೆಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿಯೂ ವೃದ್ಧರಲ್ಲಿಯೂ ನೋವಿಲ್ಲದೆ ಬರಿಯ ಸುಸ್ತು, ಏದುಸಿರಿನ ರೂಪದಲ್ಲಿಯೇ ಹೃದಯಾಘಾತ ಬರಬಹುದು. ಎದೆನೋವಿನಿಂದ ಆಸ್ಪತ್ರೆಗೆ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ. ಒಂದು ಕಾಗದ ಸರಿಯಿದೆಯೆಂದು ಮನೆಗೆ ಹೊರಟುಬಿಡಬಾರದು.

ಇಸಿಜಿ ತೆಗೆಯುವಾಗ ಎದೆಯ ಮೇಲಿನ ಬಟ್ಟೆ ಸರಿಸಬೇಕಾಗುತ್ತದೆ. ಸಂಕೋಚದಿಂದ ಕೆಲವು ತಾಯಂದಿರು ಪರೀಕ್ಷೆಯನ್ನೇ ಬೇಡವೆನ್ನುತ್ತಾರೆ. ಪರದೆ ಹಾಕಿಸಿಕೊಳ್ಳಲು, ಹೊದಿಕೆ ಕೇಳಲು, ಮಹಿಳಾ ದಾದಿಯೇ ಬರಲೆಂದು ಕೋರಲು ಅವರಿಗೆ ಹಕ್ಕಿದೆ; ಪರೀಕ್ಷೆಯನ್ನು ಬಿಡಬಾರದು. ಎಣ್ಣೆ ಅಥವಾ ವಿಭೂತಿ ಇರುವ ಜಾಗದಲ್ಲಿ ಬಿಲ್ಲೆ ಅಂಟುವುದಿಲ್ಲವಾದ್ದರಿಂದ ಅಲ್ಲಿ ಒರೆಸಿದರೆ ಬೇಸರಿಸಬಾರದು. ಇಷ್ಟಲಿಂಗದ ಕರಡಿಗೆಯನ್ನು ದೇಹದಿಂದ ಬೇರ್ಪಡಿಸಬೇಕೇ ಎಂಬ ಆತಂಕ ಅನೇಕರಿಗಿದೆ. ಸಾಮಾನ್ಯ ಇಸಿಜಿಗೆ ಅದು ಬಿಲ್ಲೆಗಳಿಗೂ ತಂತಿಗಳಿಗೂ ತಾಗದಂತೆ ಪಕ್ಕಕ್ಕೆ ಸರಿಸಿಕೊಂಡರೆ ಸಾಕು. ವಿದ್ಯುತ್ ಆಘಾತ ಕೊಡಬೇಕಾಗಿ ಬಂದರೆ ಮಾತ್ರ ಎದೆಯ ಮೇಲಿನ ಲೋಹವನ್ನು ಬೇಗನೆ ದೂರ ಸರಿಸಲೇಬೇಕು. ಆ ಹೊತ್ತಿನಲ್ಲಿ ದಾದಿಯರು ಕೇಳುತ್ತ ನಿಲ್ಲಲಾಗದು. ಮನೆಯವರು ಇದನ್ನು ಮೊದಲೇ ತಿಳಿದು, ಕರಡಿಗೆಯನ್ನು ಗೌರವದಿಂದ ತಮ್ಮ ಕೈಗೆ ತೆಗೆದುಕೊಳ್ಳಲು ಸಿದ್ಧರಿರುವುದು ಒಳ್ಳೆಯದು.

ನಿಗಾ ಘಟಕದಲ್ಲಿ ತಂತಿಗಳನ್ನು ಎಳೆಯುವುದು, ಸದ್ದು ಕಿರಿಕಿರಿಯೆಂದು ಅಲಾರಂ ಒತ್ತಿ ನಿಲ್ಲಿಸುವುದು ಸಲ್ಲದು. ತಮ್ಮವರು ಎಂದಿನಂತಿಲ್ಲ, ಮಾತು ತೊದಲುತ್ತಿದೆ, ಬೆವರುತ್ತಿದ್ದಾರೆ ಎಂದು ಕಂಡರೆ ಪರದೆಯಲ್ಲಿ ಏನೇ ಇರಲಿ ದಾದಿಗೆ ಹೇಳಬೇಕು. ಅವರ ಮುಖವನ್ನು ವರ್ಷಗಟ್ಟಲೆ ನೋಡಿ ಬಲ್ಲವರು ನಾವು. ಗೆರೆಯನ್ನು ಓದುವುದು ದಾದಿಯ ಕೆಲಸ, ಮುಖವನ್ನು ಓದಿ ತಿಳಿಸುವುದು ನಮ್ಮ ಕೆಲಸ.

ಮನೆಯಲ್ಲಿ ನರ್ಸಿಂಗ್ ಓದುತ್ತಿರುವ ಮಕ್ಕಳಿದ್ದರೆ ಈ ಲೇಖನವನ್ನು ಅವರ ಮುಂದಿಟ್ಟು, ಒಂದು ಹಳೆಯ ಇಸಿಜಿ ಕಾಗದವನ್ನು ತೆಗೆದು ಚೌಕಗಳನ್ನು ಎಣಿಸಿ ತೋರಿಸುವಂತೆ ಕೇಳಿರಿ. ಹೇಳಿಕೊಡುತ್ತ ಅವರ ಅಭ್ಯಾಸ ಗಟ್ಟಿಯಾಗುತ್ತದೆ; ಮುಂದೆ ನಿಗಾ ಘಟಕದ ಪರದೆಯ ಮುಂದೆ ನಿಂತಾಗ ನಮಗೂ ಆ ಗೆರೆ ಪೂರ್ತಿ ಅಪರಿಚಿತವಾಗಿ ಉಳಿಯದು.